ವಿಶ್ವವಿದ್ಯಾಲಯದ ಆಫೀಸು ಯಾರ ಮನೆ ಆಸ್ತಿ?

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳು. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ.)



ಭೂಮಿ ಬಗ್ಗೆ ಮಾತಾಡಿ, ಜಾತಿ ಬಗ್ಗೆ ಮಾತಾಡಿ, ಸಾಹಿತ್ಯದ ಬಗ್ಗೆ ಮಾತಾಡಿ ಅಂತ ನೀವು ಕರೀತೀರಿ. ನಾವು ಇವತ್ತು ರಜೆ ಅರ್ಜಿ, ಪಿ.ಎಫ್., ಸೇವಾ ಪುಸ್ತಕ, ರೋಸ್ಟರು ಅಂತ ಶುರು ಮಾಡಿದರೆ ನಿಮಗೆ ಆಕಳಿಕೆ ಬರಬಹುದು. ಬರಲಿ. ಊರಲ್ಲಿ ನಮ್ಮ ತಾತಂದಿರ ಜಮೀನು ಹೇಗೆ ಹೋಯಿತು ಅಂತ ಒಂದು ಸಲ ಮನೇಲಿ ಕೇಳಿ ನೋಡಿ. ಎಷ್ಟೋ ಕಡೆ ದೊಣ್ಣೆ ಹಿಡಿದು ಯಾರೂ ಬರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರು, ಶಾನುಭೋಗನ ಲೆಕ್ಕದಲ್ಲಿ ಹೆಸರು ಬದಲಾಯಿತು, ಅಷ್ಟೆ. ಈಗ ಶಾನುಭೋಗಿಕೆ ಹೋಗಿದೆ. ಲೆಕ್ಕದ ಪುಸ್ತಕ ಹೋಗಿಲ್ಲ. ಅದು ಇರುವ ಜಾಗಗಳಲ್ಲಿ ನೀವು ಓದುತ್ತಿರುವ ವಿಶ್ವವಿದ್ಯಾಲಯದ ಆಫೀಸೂ ಒಂದು.

ನಾವೂ ಹಾಸ್ಟೆಲಿನ ಅನ್ನ ಉಂಡು ಬಂದವರು. ಇವತ್ತು ನಮ್ಮಲ್ಲಿ ಕೆಲವರು ಟಪಾಲು ಶಾಖೆಯಲ್ಲಿದ್ದೇವೆ, ಕೆಲವರು ಲೆಕ್ಕಪತ್ರ ಶಾಖೆಯಲ್ಲಿ, ಕೆಲವರು ಅತಿಥಿ ಉಪನ್ಯಾಸಕರು. ಒಳಗೆ ಹೋದ ಮೇಲೆ ಕಂಡಿದ್ದನ್ನ ಹೊರಗಿರೋ ನಿಮಗೆ ಹೇಳೋದು ನಮ್ಮ ಕೆಲಸ. ನಾಳೆ ನೀವೂ ಒಳಗೆ ಬರಬೇಕಾದವರು.

ಬಾಬಾಸಾಹೇಬರ ಬದುಕಿನ ಎರಡು ಸಂಗತಿ ನಿಮಗೆ ಗೊತ್ತು. 1917ರಲ್ಲಿ ಅವರು ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕಚೇರಿಯಲ್ಲಿ ಕೂತರು. ಜವಾನರು ಫೈಲನ್ನ ಕೈಗೆ ಕೊಡಲಿಲ್ಲ, ದೂರದಿಂದ ಮೇಜಿನ ಮೇಲೆ ಎಸೆದರು. ಕುಡಿಯೋಕೆ ನೀರು ಸಿಗಲಿಲ್ಲ, ಇಳಿದುಕೊಳ್ಳೋಕೆ ಮನೆ ಸಿಗಲಿಲ್ಲ. ಮುಂದಿನ ವರ್ಷ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರಾದರು. ಅಲ್ಲಿ ಅಧ್ಯಾಪಕರ ಕೋಣೆಯ ನೀರಿನ ಮಡಕೆ ಮುಟ್ಟಬಾರದು ಅಂತ ಸಹೋದ್ಯೋಗಿಗಳೇ ತಗಾದೆ ತೆಗೆದರು. ಈ ಕತೆಯನ್ನ ನಾವು ಅವಮಾನದ ಕತೆ ಅಂತ ಹೇಳಿಕೊಂಡು ಅಳುತ್ತೇವೆ. ಇದನ್ನ ಇನ್ನೊಂದು ರೀತಿ ನೋಡಿ. ಫೈಲು, ನೀರು, ಮನೆ ಈ ಮೂರೂ ಒಂದು ಕಚೇರಿ ತನ್ನ ನೌಕರನಿಗೆ ಕೊಡಬೇಕಾದ ಸವಲತ್ತುಗಳು. ಆದೇಶ ಮಹಾರಾಜರದ್ದೇ ಇತ್ತು, ಹುದ್ದೆಯೂ ಇತ್ತು. ಹುದ್ದೆ ಕೊಟ್ಟು ಸವಲತ್ತು ತಡೆದರು. ಆ ಉಪಾಯ ಇವತ್ತಿಗೂ ಹಳತಾಗಿಲ್ಲ.

ಮುಂದೆ 1927ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವಿಶ್ವವಿದ್ಯಾಲಯದ ಮಸೂದೆ ಚರ್ಚೆಗೆ ಬಂದಾಗ ಇದೇ ಬಾಬಾಸಾಹೇಬರು ಎದ್ದು ನಿಂತು, ವಿಶ್ವವಿದ್ಯಾಲಯ ನಡೆಸುವ ಸೆನೆಟ್ಟಿನಲ್ಲಿ ಹಿಂದುಳಿದವರಿಗೆ ಜಾಗ ಇರಬೇಕು ಅಂತ ವಾದಿಸಿದರು. ತರಗತಿ ಒಳಗೆ ಬಿಟ್ಟರೆ ಸಾಲದು, ಆಡಳಿತದ ಕೋಣೆಗೂ ಬಿಡಿ ಅನ್ನೋದು ಅದರ ಅರ್ಥ.

ಆ ಕೋಣೆ ಹೇಗಿದೆ? ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು 2000ದ ಕಾಯಿದೆ ಪ್ರಕಾರ ನಡೆಯುತ್ತವೆ. ಮೇಲೆ ಕುಲಪತಿ. ಆಡಳಿತಕ್ಕೆ ಒಬ್ಬ ಕುಲಸಚಿವ, ಪರೀಕ್ಷೆಗೆ ಇನ್ನೊಬ್ಬ ಕುಲಸಚಿವ, ದುಡ್ಡಿಗೆ ಹಣಕಾಸು ಅಧಿಕಾರಿ, ತೀರ್ಮಾನಕ್ಕೆ ಸಿಂಡಿಕೇಟು. ಇವರ ಹೆಸರು ಬೋರ್ಡಿನ ಮೇಲೆ ಇರುತ್ತೆ, ನಿಮಗೂ ಗೊತ್ತು. ಆದರೆ ಫೈಲು ಹುಟ್ಟೋದು ಅಲ್ಲಲ್ಲ. ಟಪಾಲಿನಲ್ಲಿ ಕಾಗದಕ್ಕೆ ನಂಬರು ಬೀಳುತ್ತೆ. ಅಲ್ಲಿಂದ ಕೇಸ್ ವರ್ಕರ್ ಮೇಜಿಗೆ ಹೋಗುತ್ತೆ. ಅವನು ಟಿಪ್ಪಣಿ ಬರೀತಾನೆ. ಅದು ಸೂಪರಿಂಟೆಂಡೆಂಟು, ಸಹಾಯಕ ಕುಲಸಚಿವ, ಉಪಕುಲಸಚಿವ ಅಂತ ಮೆಟ್ಟಿಲು ಹತ್ತುತ್ತೆ. ಮೇಲಿನವರು ಬಹುಪಾಲು ಸಲ ಕೆಳಗಿನವನ ಟಿಪ್ಪಣಿಗೇ ರುಜು ಹಾಕ್ತಾರೆ. "ನಿಯಮದಲ್ಲಿ ಅವಕಾಶವಿದೆ" ಅಂತ ಬರೆದರೆ ಒಂದು ಮನೆ ಉಳಿಯಿತು. "ನಿಯಮದಲ್ಲಿ ಅವಕಾಶ ಕಂಡುಬರುವುದಿಲ್ಲ" ಅಂತ ಬರೆದರೆ ಒಂದು ಮನೆ ಮುಳುಗಿತು. ನಿಯಮ ಓದಿದವನು ಅವನೊಬ್ಬನೇ ಆದರೆ ಅವನು ಹೇಳಿದ್ದೇ ವೇದ.

ನೌಕರರಿಗೆ ಅಂತ ಎಷ್ಟು ಸೌಲಭ್ಯ ಇವೆ ನೋಡಿ. ಗಳಿಕೆ ರಜೆ, ಹೆರಿಗೆ ರಜೆ, ವೈದ್ಯಕೀಯ ವೆಚ್ಚ ಮರುಪಾವತಿ, ಭವಿಷ್ಯನಿಧಿಯಿಂದ ಮುಂಗಡ, ವಸತಿಗೃಹ, ಆರೋಗ್ಯ ಕೇಂದ್ರ, ಸೇವೆಯಲ್ಲಿದ್ದುಕೊಂಡೇ ಮೇಲಿನ ಪದವಿ ಓದಲು ಅನುಮತಿ. ಇದೆಲ್ಲ ಕಾಗದದ ಮೇಲೆ ಎಲ್ಲರಿಗೂ ಉಂಟು. ಆದರೆ ಪ್ರೊಫೆಸರ ಮಗ ಪ್ರೊಫೆಸರಾದರೆ ಅವನಿಗೆ ಇದನ್ನ ಯಾರೂ ಕಲಿಸಬೇಕಾಗಿಲ್ಲ. ಮನೆಯ ಊಟದ ಹೊತ್ತಲ್ಲೇ ಕಲಿತಿರುತ್ತಾನೆ. ಯಾವ ಫಾರಂ, ಯಾವ ತಿಂಗಳು, ಯಾರ ಹತ್ತಿರ, ಎಲ್ಲ ಗೊತ್ತು. ನಮ್ಮ ಮನೆಯಲ್ಲಿ ಮೊದಲ ಸಲ ಸಂಬಳದ ಚೀಟಿ ನೋಡಿದವರೇ ನಾವು. ಅದರಲ್ಲಿ ಕಟಾವಣೆ ಅಂತ ಯಾಕೆ ಇದೆ ಅಂತ ಕೇಳೋಕೂ ನಾಚಿಕೆ. "ಇಷ್ಟೂ ಗೊತ್ತಿಲ್ವಾ, ಕೋಟಾದಲ್ಲಿ ಬಂದವನು" ಅಂತಾರೆ ಅನ್ನೋ ಭಯ. ಹೀಗೆ ಭಯಪಟ್ಟು ಸುಮ್ಮನಿದ್ದು ಕಳೆದುಕೊಂಡ ರಜೆ, ಇನ್‌ಕ್ರಿಮೆಂಟು, ಬಡ್ತಿ ಎಷ್ಟೋ.

ಸೇವಾ ಪುಸ್ತಕದ ಮಾತು ತಗೊಳ್ಳಿ. ಕಾಯಂ ನೌಕರನ ಇಡೀ ಬದುಕು ಅದರೊಳಗಿದೆ. ಹುಟ್ಟಿದ ತಾರೀಖು, ಸೇರಿದ ತಾರೀಖು, ಜಾತಿ, ರಜೆ ಲೆಕ್ಕ, ಬಡ್ತಿ, ನಾಮನಿರ್ದೇಶನ. ವರ್ಷಕ್ಕೊಮ್ಮೆ ಅದನ್ನ ನೌಕರನಿಗೆ ತೋರಿಸಿ ರುಜು ಹಾಕಿಸಬೇಕು ಅಂತ ಕಟ್ಟಳೆ ಇದೆ. ನಮ್ಮ ಎಷ್ಟು ಜನ ಜವಾನರು, ಮಾಲಿಗಳು, ಲ್ಯಾಬಿನ ಅಟೆಂಡರುಗಳು ಅದನ್ನ ಕಣ್ಣಲ್ಲಿ ನೋಡಿದ್ದಾರೆ? ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋದ ಮೇಲೆ, ನಿಮ್ಮ ಮೂರು ವರ್ಷದ ಸೇವೆ ದಾಖಲಾಗಿಲ್ಲ ಅಂತ ಪಿಂಚಣಿ ನಿಲ್ಲುತ್ತೆ. ಆ ಮೂರು ವರ್ಷ ಅವರು ಎಲ್ಲಿ ಹೋಗಿದ್ದರು? ಅದೇ ಕಾರಿಡಾರಿನಲ್ಲಿ ಫೈಲು ಹೊರುತ್ತಿದ್ದರು. ತಾವು ಹೊತ್ತ ಫೈಲಿನೊಳಗೆ ತಮ್ಮ ಹೆಸರು ಇರಲಿಲ್ಲ.

ಇನ್ನೊಂದು, ಇದನ್ನ ಬರೆದುಕೊಳ್ಳಿ. ಸೇವೆಯಲ್ಲಿದ್ದಾಗ ನೌಕರ ಸತ್ತರೆ ಅವರ ಮನೆಯವರಿಗೆ ಅನುಕಂಪದ ಮೇಲೆ ಕೆಲಸ ಕೊಡೋದಕ್ಕೆ ರಾಜ್ಯದಲ್ಲಿ 1996ರ ನಿಯಮಗಳಿವೆ. ಸತ್ತ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಮ್ಮ ಕೇರಿಯಲ್ಲಿ ಏನಾಗುತ್ತೆ? ಗಂಡ ಸತ್ತ ಹೆಂಗಸು ತಿಥಿ ಸಾಲ ತೀರಿಸೋಕೆ ಕೂಲಿಗೆ ಹೋಗ್ತಾಳೆ. ಆಫೀಸಿನವರು "ಬನ್ನಿ ನೋಡೋಣ" ಅಂತಾರೆ. ಬಾಯಿ ಮಾತಲ್ಲೇ ಹನ್ನೊಂದು ತಿಂಗಳು ಕಳೆಯುತ್ತೆ. ಹದಿಮೂರನೇ ತಿಂಗಳು ಯಾರೋ ಹೇಳ್ತಾರೆ, ಅಯ್ಯೋ ಅವಧಿ ಮೀರಿತಲ್ಲಮ್ಮ ಅಂತ. ಒಂದು ಹಾಳೆ, ಒಂದು ರುಜು, ಒಂದು ಸ್ವೀಕೃತಿ ಮುದ್ರೆ ಇಲ್ಲದೆ ಒಂದು ಸಂಸಾರ ಮತ್ತೆ ಜೀತದ ಬಾಗಿಲಿಗೆ ಹೋಗಿ ನಿಲ್ಲುತ್ತೆ. ಇದನ್ನ ನಾವು ವಿಧಿ ಅಂತ ಕರೀತೇವೆ. ವಿಧಿ ಅಲ್ಲ ಇದು, ಯಾರೂ ಓದಿ ಹೇಳದ ನಿಯಮ.

ಈಗ ಕಸ ಗುಡಿಸುವ ತಾಯಂದಿರ ಕಡೆ ಬನ್ನಿ. ನಿಮ್ಮ ತರಗತಿ, ಶೌಚಾಲಯ, ಹಾಸ್ಟೆಲು ತೊಳೆಯುವವರು ಯಾರು? ಜಾತಿ ಕೇಳಬೇಕಾಗಿಲ್ಲ. ಒಂದು ಕಾಲಕ್ಕೆ ಇವರಲ್ಲಿ ಕಾಯಂ ನೌಕರರಿದ್ದರು. ಈಗ ಬಹುಪಾಲು ಗುತ್ತಿಗೆ. ಕಾಯಂ ಹುದ್ದೆ ಸವೆದ ಹಾಗೆಲ್ಲ ಮೀಸಲಾತಿ ನಿಲ್ಲುವ ನೆಲವೂ ಸವೆಯಿತು, ಇದು ನೆನಪಿರಲಿ. ಇವರಿಗೆ ವಿಶ್ವವಿದ್ಯಾಲಯದ ಯಾವ ಸೌಲಭ್ಯವೂ ಇಲ್ಲ, "ನೀವು ನಮ್ಮ ನೌಕರರಲ್ಲ, ಏಜೆನ್ಸಿಯವರನ್ನ ಕೇಳಿ" ಅಂತಾರೆ. ಏಜೆನ್ಸಿಯವನು ಎಲ್ಲೋ ಇರ್ತಾನೆ.

ಕಾನೂನು ಏನು ಹೇಳುತ್ತೆ? ಭವಿಷ್ಯನಿಧಿಗೆ ಕೆಲಸಗಾರರ ಪಾಲು ನೂರಕ್ಕೆ 12, ಮಾಲೀಕನ ಪಾಲು ಇನ್ನೂ 12. ಮಾಲೀಕ ತನ್ನ ಪಾಲನ್ನ ಕೆಲಸಗಾರರ ಕೂಲಿಯಿಂದ ಮುರಿದುಕೊಳ್ಳೋ ಹಾಗಿಲ್ಲ. ಇ.ಎಸ್.ಐ.ಗೆ 2019ರ ಜುಲೈಯಲ್ಲಿ ನಿಗದಿಯಾದ ದರ ಕೆಲಸಗಾರರಿಂದ ನೂರಕ್ಕೆ 75 ಪೈಸೆ, ಮಾಲೀಕನಿಂದ ಮೂರೂಕಾಲು ರೂಪಾಯಿ. ಗುತ್ತಿಗೆದಾರ ಕೂಲಿ ಕೊಡದೆ ಕೈಯೆತ್ತಿದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಲ್ಲಿದ್ದ ಈ ಮಾತು 2020ರ ಸಂಹಿತೆಯಲ್ಲೂ ಇದೆ. ಹಾಗಾದರೆ "ನಮಗೆ ಸಂಬಂಧವಿಲ್ಲ" ಅನ್ನೋದು ಸುಳ್ಳು.

ಮೋಸ ನಡೆಯೋ ದಾರಿ ಹೇಳ್ತೇವೆ. ಮಾಲೀಕನ 12, ಕೆಲಸಗಾರರ 12, ಎರಡನ್ನೂ ಹೆಂಗಸಿನ ಕೂಲಿಯಿಂದಲೇ ಮುರೀತಾರೆ. ಇಲ್ಲ ಮುರಿದದ್ದನ್ನ ಕಟ್ಟೋದೇ ಇಲ್ಲ. ಟೆಂಡರು ಬದಲಾದಾಗ ಹೊಸ ಗುತ್ತಿಗೆದಾರ ಹಳೇ ನಂಬರು ಕೇಳದೆ ಹೊಸ ನಂಬರು ಮಾಡಿಸ್ತಾನೆ. ಪಿ.ಎಫ್. ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಆ ತಾಯಿ ಹದಿನೈದು ವರ್ಷದಿಂದ ಅದೇ ಮೆಟ್ಟಿಲು ತೊಳೆಯುತ್ತಿದ್ದಾಳೆ. ಕಾಗದದಲ್ಲಿ ಮಾತ್ರ ಎರಡು ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟುತ್ತಾಳೆ. ಒಬ್ಬ ಮನುಷ್ಯನಿಗೆ ಒಂದೇ ಯು.ಎ.ಎನ್. ನಂಬರು, ಹನ್ನೆರಡು ಅಂಕಿ, ಅದನ್ನ ಮುಂದುವರಿಸಿ ಅಂತ ಕೇಳಿದರೆ ಸೇವೆ ಸೇರಿಕೊಳ್ಳುತ್ತೆ. ಕೇಳೋಕೆ ಅವಳಿಗೆ ಯಾರೂ ಹೇಳಿಲ್ಲ.

ಕೋರ್ಟಿನ ಬಾಗಿಲ ಮಾತೂ ಇದೆ. 2006ರಲ್ಲಿ ಕರ್ನಾಟಕ ಸರಕಾರದ ವಿರುದ್ಧದ ಉಮಾದೇವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹಂಗಾಮಿಗಳನ್ನ ಸುಮ್ಮನೆ ಕಾಯಂ ಮಾಡೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಮೀರಿದವರಿಗೆ ಒಂದು ಸಲದ ವಿನಾಯಿತಿ ಇಟ್ಟಿತ್ತು. ಆಫೀಸುಗಳು ತೀರ್ಪಿನ ಮೊದಲ ಭಾಗ ಕಂಠಪಾಠ ಮಾಡಿಕೊಂಡವು, ಎರಡನೆಯ ಭಾಗ ಮರೆತವು. 2024ರ ಡಿಸೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟು, ಕೇಂದ್ರ ಜಲ ಆಯೋಗದಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸಿ ತೋಟ ನೋಡಿಕೊಂಡವರ ಮೊಕದ್ದಮೆಯಲ್ಲಿ ಅವರನ್ನ ಕಾಯಂ ಮಾಡಿ ಅಂತ ಹೇಳಿತು. ಉಮಾದೇವಿ ತೀರ್ಪನ್ನ ಬಡವರ ವಿರುದ್ಧ ಗುರಾಣಿ ಮಾಡಿಕೊಳ್ಳಬೇಡಿ ಅನ್ನೋದು ಅದರ ಸಾರ. ಈ ಎರಡನೇ ತೀರ್ಪು ಎಷ್ಟು ಕೇಸ್ ವರ್ಕರುಗಳ ಮೇಜಿನ ಮೇಲಿದೆ?

ಇನ್ನು ರೋಸ್ಟರು. ಇದು ಅರ್ಥವಾದರೆ ನಿಮಗೆ ಅರ್ಧ ವಿಶ್ವವಿದ್ಯಾಲಯ ಅರ್ಥವಾದ ಹಾಗೆ. ಕೇಂದ್ರದ ಲೆಕ್ಕ ತಗೊಳ್ಳೋಣ. ನೂರಕ್ಕೆ ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ವರ್ಗಕ್ಕೆ ಏಳೂವರೆ, ಒ.ಬಿ.ಸಿ.ಗೆ 27. ಒಂದು ಹುದ್ದೆ ಬಂದರೆ ನಮ್ಮ ಪಾಲು ಅದರಲ್ಲಿ ನೂರಕ್ಕೆ 15. ಏಳು ಹುದ್ದೆ ಬಂದಾಗ ಏಳು ಹದಿನೈದು ನೂರೈದು, ನೂರು ದಾಟಿತು, ಒಂದು ಇಡೀ ಹುದ್ದೆ ಆಯಿತು. ಹಾಗಾಗಿ ಪರಿಶಿಷ್ಟ ಜಾತಿಗೆ ಏಳನೆಯ ಹುದ್ದೆ. ಇದೇ ಲೆಕ್ಕದಲ್ಲಿ ಒ.ಬಿ.ಸಿ.ಗೆ ನಾಲ್ಕನೆಯದು, ಪರಿಶಿಷ್ಟ ವರ್ಗಕ್ಕೆ ಹದಿನಾಲ್ಕನೆಯದು.

ಈಗ ಹತ್ತು ವಿಭಾಗ ಇವೆ, ಒಂದೊಂದರಲ್ಲಿ ಆರು ಹುದ್ದೆ ಅಂತ ಇಟ್ಟುಕೊಳ್ಳಿ. ಇಡೀ ವಿಶ್ವವಿದ್ಯಾಲಯವನ್ನ ಒಂದು ಘಟಕ ಅಂತ ಎಣಿಸಿದರೆ 60 ಹುದ್ದೆ, ಪರಿಶಿಷ್ಟ ಜಾತಿಗೆ 9, ಪರಿಶಿಷ್ಟ ವರ್ಗಕ್ಕೆ 4. ಒಂದೊಂದು ವಿಭಾಗವನ್ನೇ ಬೇರೆ ಬೇರೆ ಘಟಕ ಅಂತ ಎಣಿಸಿದರೆ? ಆರಕ್ಕೇ ನಿಂತಿತು. ಏಳನೆಯದು ಬರಲೇ ಇಲ್ಲ. ಪರಿಶಿಷ್ಟ ಜಾತಿಗೆ ಸೊನ್ನೆ, ಪರಿಶಿಷ್ಟ ವರ್ಗಕ್ಕೆ ಸೊನ್ನೆ. "ಯಾರಾದರೂ ನಿವೃತ್ತರಾದಾಗ ಏಳನೆಯ ಬಿಂದು ಬರುತ್ತೆ, ಕಾಯಿರಿ" ಅಂತಾರೆ. ಮೂವತ್ತು ವರ್ಷದ ಮೇಷ್ಟ್ರು ನಿವೃತ್ತರಾಗೋಕೆ ಇನ್ನೂ ಮೂವತ್ತು ವರ್ಷಕ್ಕೂ ಮೇಲೆ. ಸಂವಿಧಾನದ ಒಂದು ಅಕ್ಷರ ತಿದ್ದಲಿಲ್ಲ, ಮೀಸಲಾತಿ ಬೇಡ ಅಂತ ಯಾರೂ ಭಾಷಣ ಮಾಡಲಿಲ್ಲ. ಎಣಿಸೋ ರೀತಿ ಬದಲಾಯಿಸಿದರು, ಅಷ್ಟೆ.

ಇದು ಕಲ್ಪನೆಯ ಮಾತಲ್ಲ. 2017ರ ಏಪ್ರಿಲಿನಲ್ಲಿ ಅಲಹಾಬಾದ್ ಹೈಕೋರ್ಟು ವಿಭಾಗವೇ ಘಟಕ ಅಂತ ಹೇಳಿತು. 2018ರ ಮಾರ್ಚ್ 5ರಂದು ಯು.ಜಿ.ಸಿ. ಹಾಗೇ ಎಣಿಸಿ ಅಂತ ಸುತ್ತೋಲೆ ಕಳಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿ ತಳ್ಳಿಹಾಕಿತು. "ಹದಿಮೂರು ಬಿಂದು ರೋಸ್ಟರು" ಅನ್ನೋ ಹೆಸರು ಆಗ ಬೀದಿಗೆ ಬಂತು. ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಕೋಷ್ಟಕ ಬರೆದುಕೊಂಡು ಹಾದಿಬೀದಿಯಲ್ಲಿ ಈ ಲೆಕ್ಕ ವಿವರಿಸಿದರು. 2019ರ ಮಾರ್ಚ್ 5ರಂದು ಭಾರತ ಬಂದ್ ನಡೆಯಿತು. ಎರಡೇ ದಿನಕ್ಕೆ, ಮಾರ್ಚ್ 7ರಂದು, ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದು ಇಡೀ ಸಂಸ್ಥೆಯೇ ಘಟಕ ಅಂತ ಮಾಡಿತು. ಜುಲೈಯಲ್ಲಿ ಪಾರ್ಲಿಮೆಂಟು ಅದನ್ನ ಕಾಯಿದೆ ಮಾಡಿತು. ಬೀದಿಗೆ ಇಳಿದದ್ದಕ್ಕೆ ಗೆದ್ದರು, ನಿಜ. ಆದರೆ ಲೆಕ್ಕ ಗೊತ್ತಿದ್ದದ್ದಕ್ಕೆ ಬೀದಿಗೆ ಇಳಿದರು.

ಈ ಕಾಯಿದೆ ಕೇಂದ್ರದ ಸಂಸ್ಥೆಗಳಿಗೆ. ನಮ್ಮ ರಾಜ್ಯದ ಪಾಲು ಬೇರೆ, ರೋಸ್ಟರೂ ಬೇರೆ. 2022ರಲ್ಲಿ ರಾಜ್ಯ ಸರಕಾರ ಪರಿಶಿಷ್ಟ ಜಾತಿಯ ಪಾಲನ್ನ 15ರಿಂದ 17ಕ್ಕೆ, ಪರಿಶಿಷ್ಟ ವರ್ಗದ್ದನ್ನ 3ರಿಂದ 7ಕ್ಕೆ ಏರಿಸೋ ಕಾನೂನು ತಂದಿತು. ಖಾಲಿ ಉಳಿದ ನಮ್ಮ ಹುದ್ದೆ ತುಂಬೋಕೆ 2001ರಿಂದಲೇ ಬ್ಯಾಕ್‌ಲಾಗ್ ನೇಮಕಾತಿಯ ವಿಶೇಷ ನಿಯಮಗಳಿವೆ. ಕಾನೂನಿಗೆ ಬರ ಇಲ್ಲ. ಎಲ್ಲಿ ಎಷ್ಟು ಖಾಲಿ ಅನ್ನೋದು ರೋಸ್ಟರು ವಹಿಯಲ್ಲಿದೆ, ಆ ವಹಿ ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದೇ ಪ್ರಶ್ನೆ.

ಬಡ್ತಿಯ ಕತೆಯಲ್ಲೂ ಇದೇ ಪಾಠ. ನಮ್ಮ ರಾಜ್ಯದ 2002ರ ಜ್ಯೇಷ್ಠತೆ ಕಾಯಿದೆಯನ್ನ 2017ರ ಫೆಬ್ರವರಿಯಲ್ಲಿ ಪವಿತ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಅಂಕಿಅಂಶ ಎಲ್ಲಿ ಅಂತ ಕೇಳಿತು. ನಮ್ಮ ಸಾವಿರಾರು ನೌಕರರಿಗೆ ಹಿಂಬಡ್ತಿಯ ಕತ್ತಿ ತೂಗಾಡಿತು. ಆಗ ಅಪರ ಮುಖ್ಯ ಕಾರ್ಯದರ್ಶಿಯಾಗಿದ್ದ ರತ್ನಪ್ರಭಾ ಅವರ ಸಮಿತಿ 31 ಇಲಾಖೆಗಳಿಂದ ಮೂರು ದಶಕದ ಲೆಕ್ಕ ಒಟ್ಟು ಮಾಡಿತು. ಅದರ ಮೇಲೆ 2018ರಲ್ಲಿ ಹೊಸ ಕಾಯಿದೆ ಬಂತು, 2019ರ ಮೇ 10ರಂದು ಅದೇ ಕೋರ್ಟು ಅದನ್ನ ಎತ್ತಿಹಿಡಿಯಿತು. ಲೆಕ್ಕ ಇಲ್ಲದಾಗ ಸೋತೆವು, ಲೆಕ್ಕ ಇಟ್ಟಾಗ ಗೆದ್ದೆವು.

ಈಗ ನೀವು ಕೇಳ್ತೀರಿ: ನಾವು ವಿದ್ಯಾರ್ಥಿಗಳು, ನಮ್ಮ ಕೈಯಲ್ಲಿ ಏನಿದೆ? ಇದೆ.

ಒಂದು, 2005ರ ಮಾಹಿತಿ ಹಕ್ಕು ಕಾಯಿದೆ. ನೌಕರರ ಪಟ್ಟಿ, ಅವರ ತಿಂಗಳ ಸಂಬಳ, ಕೆಲಸದ ನಿಯಮಗಳು, ಕೈಪಿಡಿಗಳು, ಇದನ್ನೆಲ್ಲ ಯಾರೂ ಕೇಳದೆಯೇ ವಿಶ್ವವಿದ್ಯಾಲಯ ತಾನಾಗೇ ಪ್ರಕಟಿಸಬೇಕು ಅಂತ ಅದರ 4ನೇ ಕಲಮು ಹೇಳುತ್ತೆ. ಮಿಕ್ಕಿದ್ದಕ್ಕೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರು, 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ರೋಸ್ಟರು ವಹಿಯ ನಕಲು ಒಂದು ಅರ್ಜಿ. ಗುತ್ತಿಗೆದಾರ ಪಿ.ಎಫ್. ಕಟ್ಟಿದ ಚಲನ್ನಿನ ನಕಲು ಇನ್ನೊಂದು ಅರ್ಜಿ. ಭಾಷಣ ಬರೆಯಬೇಡಿ, ಬೈಯಬೇಡಿ. ಏನು ಬೇಕೋ ಅದನ್ನ ಮಾತ್ರ ಕೇಳಿ. ಉತ್ತರ ಬರದಿದ್ದರೆ ಮೇಲ್ಮನವಿ.

ಎರಡು, ಹೆಣ್ಣುಮಕ್ಕಳ ವಿಷಯ. 2013ರ ಕಾಯಿದೆ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು. ಮೂರು ತಿಂಗಳೊಳಗೆ ದೂರು ಕೊಡಬೇಕು. ಗುತ್ತಿಗೆಯ ಹೆಂಗಸರಿಗೂ ಈ ಹಕ್ಕಿದೆ. ಮೇಸ್ತ್ರಿಯ ಕೈ ಮಾತು ಸಹಿಸಿಕೊಂಡು ಪೊರಕೆ ಹಿಡಿಯೋ ತಂಗಿಗೆ ಇದನ್ನ ಹೇಳೋರು ಯಾರು? ನಮ್ಮ ಹಾಸ್ಟೆಲಿನ ಹೆಣ್ಣುಮಕ್ಕಳು ಹೋಗಿ ಕೂತು ಹೇಳಬೇಕು. ಗಂಡಸರು ಮುಂದೆ ನಿಂತು ಮುಖಂಡರಾಗೋದು ಬೇಡ.

ಮೂರು, ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ದೊಡ್ಡದು. ಯಾವ ಕಾಗದ ಕೊಟ್ಟರೂ ಎರಡು ಪ್ರತಿ ಮಾಡಿ. ಒಂದಕ್ಕೆ ಟಪಾಲಿನಲ್ಲಿ ತಾರೀಖಿನ ಸಮೇತ ಮುದ್ರೆ ಹಾಕಿಸಿಕೊಳ್ಳಿ. "ಕೊಟ್ಟಿದ್ದೆ ಸಾರ್" ಅನ್ನೋ ಮಾತಿಗೆ ಬೆಲೆ ಇಲ್ಲ. ಮುದ್ರೆಗೆ ಇದೆ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಈ ಭಾಷಣ ಸುಳ್ಳಾಗುತ್ತೆ. ಮೀಸಲಾತಿಯಲ್ಲಿ ಒಳಗೆ ಹೋದ ನಮ್ಮ ಕೆಲವರು ಕುರ್ಚಿ ಸಿಕ್ಕ ಮೇಲೆ ಕೇರಿಯ ಮುಖ ನೋಡೋದಿಲ್ಲ. ಜಾತಿ ಗೊತ್ತಾಗಬಾರದು ಅಂತ ಹೆಸರಿನ ಹಿಂದುಮುಂದು ಬದಲಾಯಿಸಿಕೊಂಡು, ಪೂಜೆಗೆ ಎಲ್ಲರಿಗಿಂತ ಮೊದಲು ಚಂದಾ ಕೊಡ್ತಾರೆ. ಜಾಡಮಾಲಿ ಹೆಂಗಸು ಅರ್ಜಿ ಹಿಡಿದು ಬಂದರೆ ಅವರೂ "ನಾಳೆ ಬಾ" ಅಂತಾರೆ. ಇವರನ್ನ ಬೈದು ಪ್ರಯೋಜನ ಇಲ್ಲ, ಒಬ್ಬಂಟಿಯಾದವನು ಹೆದರುತ್ತಾನೆ. ಹೊರಗೆ ನೀವು ಹತ್ತು ಜನ ನಿಂತಿದ್ದೀರಿ ಅಂತ ಗೊತ್ತಾದರೆ ಒಳಗಿರೋ ಒಬ್ಬನಿಗೂ ಬೆನ್ನುಮೂಳೆ ಬರುತ್ತೆ. ನಾಳೆ ನೀವು ಆ ಕುರ್ಚಿಯಲ್ಲಿ ಕೂತಾಗ ಟಿಪ್ಪಣಿಯಲ್ಲಿ ಏನು ಬರೀತೀರಿ ಅನ್ನೋದನ್ನ ಇವತ್ತೇ ತೀರ್ಮಾನ ಮಾಡಿಕೊಳ್ಳಿ.

ನಮ್ಮ ಸಲಹೆ ಇಷ್ಟು. ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ಕು ಇಡಿ. ಯಾವ ಅರ್ಜಿ ಯಾರಿಗೆ, ಎಷ್ಟು ದಿನ, ಯಾವ ನಿಯಮ ಅಂತ ಬರೆಯುತ್ತಾ ಹೋಗಿ. ನೀವು ಬಿಟ್ಟು ಹೋದ ಮೇಲೆ ಬರೋ ತಮ್ಮಂದಿರಿಗೆ, ತಂಗಿಯರಿಗೆ ಅದು ಸಿಗಲಿ. ಭಾನುವಾರ ಒಂದು ಗಂಟೆ ನಿಮ್ಮ ಹಾಸ್ಟೆಲು ತೊಳೆಯುವ ಅವ್ವಂದಿರನ್ನ ಕೂರಿಸಿ, ನಿಮ್ಮ ಕೈಯಲ್ಲಿರೋ ಫೋನಿನಲ್ಲಿ ಅವರ ಪಿ.ಎಫ್. ಪಾಸ್‌ಬುಕ್ಕು ತೆಗೆದು ಓದಿ ಹೇಳಿ. ದುಡ್ಡು ಬಿದ್ದಿದೆಯೋ ಇಲ್ಲವೋ ಅಂತ ಅವರ ಕಣ್ಣೆದುರೇ ತೋರಿಸಿ. ಆಮೇಲೆ ಅರ್ಜಿ ಅವರೇ ಹೇಳಲಿ, ನೀವು ಬರೆಯಿರಿ, ರುಜು ಅವರು ಹಾಕಲಿ. ಹೆಬ್ಬೆಟ್ಟಾದರೆ ಹೆಬ್ಬೆಟ್ಟೇ ಒತ್ತಲಿ. ನಮ್ಮ ತಾತಂದಿರ ಹೆಬ್ಬೆಟ್ಟು ಒತ್ತಿಸಿಕೊಂಡವರು ಅದರ ಮೇಲೆ ಏನು ಬರೆದಿದೆ ಅಂತ ಓದಿ ಹೇಳಿರಲಿಲ್ಲ. ನಾವು ಓದಿ ಹೇಳೋಣ.

ಜೈ ಭೀಮ್.